ಕುರಿಯ ಗುಳಿಗೆ ನುಂಗಿದವರ ಜ್ವರ

ನಾನು ಕೆಲಸ ಮಾಡುವ ದುರ್ಗದ ಪ್ರಯೋಗಾಲಯಕ್ಕೆ ಅಂದು ಬಂದ ರಕ್ತ ಹಿರೇಗುಂಟನೂರು ಕಡೆಯ ಕುರಿಗಾಹಿಯೊಬ್ಬರದು. ವಾರಗಟ್ಟಲೆಯಿಂದ ಸಂಜೆಯಾದರೆ ಜ್ವರ, ಬೆವರು, ಸೊಂಟನೋವು. ಟೈಫಾಯ್ಡ್ ಎಂದು ಕೊಟ್ಟ ಔಷಧಿ ನಾಟಿರಲಿಲ್ಲ. ರಕ್ತದಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲೂ ಏನೂ ಬೆಳೆದಿರಲಿಲ್ಲ. ರೋಗ ಯಾವುದೆಂದು ತಿಳಿಯದೆ ವೈದ್ಯರು ಕೈಕಟ್ಟಿ ಕುಳಿತಿದ್ದರು. ಕುರಿಗಾಹಿ ಸೊರಗುತ್ತಲೇ ಇದ್ದರು.

ರೋಗಿಗಳನ್ನು ಮಾತನಾಡಿಸುವ ಅಭ್ಯಾಸ ನನಗಿಲ್ಲ. ಅಂದು ಮಾತ್ರ ಅವರು ಕುಳಿತಿದ್ದ ಹೊರಗಿನ ಬೆಂಚಿನ ಬಳಿ ಹೋಗಿ, ಬೇರೆ ಏನಾದರೂ ಔಷಧಿ ತಗೊಂಡಿದ್ದೀರಾ ಎಂದು ಕೇಳಿದೆ.

"ಇಲ್ಲ ತಾಯಿ," ಎಂದರು.

ಪಕ್ಕದಲ್ಲಿದ್ದ ಹೆಂಡತಿ ಬಿಡಲಿಲ್ಲ. "ಸುಳ್ಳು ಹೇಳಬ್ಯಾಡ್ರಿ. ಕುರಿ ಕಂದು ಹಾಕ್ದಾಗ ತಂದಿದ್ ಗುಳಿಗೆ ಮುರ್ಕಂಡು ನುಂಗ್ಲಿಲ್ವಾ?"

"ಕುರಿಗೆ ನಾಟಿದ್ದು ನನಗ್ ನಾಟಂಗಿಲ್ವೇನೆ? ಎಲ್ಡು ದಿನ ಜ್ವರ ಇಳೀತಲ್ಲ!"

"ಇನ್ನು ಬ್ಯಾ ಅನ್ನಾದೊಂದು ಬಾಕಿ ಐತೆ."

ಕಂದು ಹಾಕಿವೆ ಎಂದರೆ, ಕುರಿಗಳು ದಿನ ತುಂಬದ ಮರಿ ಹಾಕಿವೆ. "ಮರಿ ಎಳೆಯುವಾಗ ಬರಿಗೈಲೇ ಎಳೀತೀರಾ ಅಜ್ಜ?"

"ಮತ್ತಿನ್ಯಾವ ಕೈ ಐತೆ ತಾಯಿ?"

ಕಂದು ಹಾಕಿಸುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಆ ಕೈಗಳಿಂದಲೇ ಒಳಹೊಕ್ಕಿರಬಹುದು. ಅರೆಬರೆ ನುಂಗಿದ ಗುಳಿಗೆ ಅದನ್ನು ನಮ್ಮ ಪರೀಕ್ಷೆಯ ಬಾಟಲಿಯಲ್ಲಿ ಬೆಳೆಯದಂತೆ ತಡೆದಿರಬಹುದು. ಬೆಳೆಯಲಾಗದ ಬ್ಯಾಕ್ಟೀರಿಯಾದ ಡಿಎನ್‌ಎ ಮಾತ್ರ ರಕ್ತದಲ್ಲಿ ಉಳಿದಿರುವ ಸಾಧ್ಯತೆಯಿತ್ತು.

ವೈದ್ಯರಿಗೆ ಹೇಳಿ, ಡಿಎನ್‌ಎ ಬೇರ್ಪಡಿಸಿ ಪಿಸಿಆರ್ ಯಂತ್ರಕ್ಕಿಟ್ಟೆ. ಬ್ರುಸೆಲ್ಲಾದ ತುಣುಕು ಇದ್ದರೆ ಯಂತ್ರ ಅದನ್ನು ನಕಲು ಮಾಡುತ್ತ ಹೋಗುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಊಟಕ್ಕೆ ಕರೆದವರಿಗೆ ಹಸಿವಿಲ್ಲ ಎಂದೆ. ಹೋಲಿಕೆಗೆಂದು ಬರೀ ನೀರು ಹಾಕಿದ ಟ್ಯೂಬಿನ ಗೆರೆ ಮಲಗಿಯೇ ಇತ್ತು. ಅಜ್ಜನದೂ ಬಹಳ ಹೊತ್ತು ಮಲಗಿತ್ತು. ಆಮೇಲೆ ತುಸು ಅಲುಗಿತು. ಆಮೇಲೆ ಜೋಗಿಮಟ್ಟಿಯ ದಾರಿಯಂತೆ ಏರಿತು, ಏರುತ್ತಲೇ ಹೋಯಿತು! ಕೂಗಬೇಕೆನಿಸಿತು. ಕೂಗದೆ, ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡೆ. ಮತ್ತೊಮ್ಮೆ ಪರೀಕ್ಷಿಸಿದೆ. ಮತ್ತೆ ಏರಿತು.

ಮರುದಿನ ವೈದ್ಯರು ಸರಿಯಾದ ಔಷಧಿ ಬರೆದುಕೊಟ್ಟು, ನಡುವೆ ಬಿಡದೆ ವಾರಗಟ್ಟಲೆ ನುಂಗಬೇಕೆಂದರು. ಕುರಿಗಳನ್ನೂ ಪರೀಕ್ಷಿಸಬೇಕು ಎಂದರು. ಅಜ್ಜ ಎಲ್ಲಕ್ಕೂ ತಲೆಯಾಡಿಸಿ, ಹೊರಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದರು:

"ತಾಯಿ, ಇದು ಕುರಿಯಿಂದ ನನಗ್ ಬಂತೋ, ನನ್ನಿಂದ ಕುರಿಗ್ ಹೋತೋ?"

"ಕುರಿಯಿಂದ ನಿಮಗೆ ಅಜ್ಜ."

"ಹಂಗಾದ್ರೆ ಸರಿ ಬಿಡು," ಎಂದು ಅವರು ನಿರಾಳವಾಗಿ ಉಸಿರುಬಿಟ್ಟರು.

"ನೋಡಿದ್ಯಾ ತಾಯಿ," ಎಂದರು ಅವರ ಹೆಂಡತಿ, ಗುಳಿಗೆಯ ಪೊಟ್ಟಣವನ್ನು ಸೆರಗಿಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತ. "ಇವು ನನ್ತಾವೇ ಇರ್ಲಿ. ಇಲ್ಲಾಂದ್ರೆ ಕುರಿಗ್ ತಿನ್ನಿಸ್ತಾರೆ."