ಒಂದಕ್ಷರ ಬಿಡದ ದುಭಾಷಿ

ವಿಶಾಲಾಕ್ಷಿ ಮೇಡಂ ಮುಂದೆ ‘ಇದನ್ನ ಅವರಿಗೆ ಹೇಳ್ಬೇಡಿ’ ಅಂದರೆ ಮುಗಿಯಿತು, ಆ ಮಾತನ್ನೂ ಜಪಾನಿಯಲ್ಲಿ ಹೇಳಿಬಿಡುತ್ತಿದ್ದರು. “ದುಭಾಷಿ ಮುಂದೆ ಗುಟ್ಟು ಆಡಿದ್ದು ನಿಮ್ಮ ತಪ್ಪು ಕಣ್ರೀ, ನಂದಲ್ಲ,” ಎಂದು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

ಮೈಸೂರಿನವರು. ಟೋಕಿಯೋದ ವಿಶ್ವವಿದ್ಯಾಲಯವೊಂದರಲ್ಲಿ ಚಿಕಾನಾ ಸಾಹಿತ್ಯ, ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದ ಹೆಂಗಸರ ಬರಹ, ಪಾಠ ಮಾಡುತ್ತಿದ್ದರು. ಬಿಡುವಾದಾಗ ಅದೇ ಊರಿನ ನಿಶಿ ಕಸಾಯಿ ಬಡಾವಣೆಯ ನಮ್ಮಂಥ ಭಾಷೆ ಬಾರದವರ ಜೊತೆ ಆಸ್ಪತ್ರೆಗೆ ಬರುತ್ತಿದ್ದರು. ಕಾಯುವ ಬೆಂಚಿನ ಮೇಲೂ ಪಾಠವೇ. “ಆ ಹೆಂಗಸರು ಅಮೆರಿಕದಲ್ಲಿ ಮೆಕ್ಸಿಕೋದವರು, ಮೆಕ್ಸಿಕೋದಲ್ಲಿ ಅಮೆರಿಕದವರು, ಮನೇಲಿ ಬಾಯಿ ಮುಚ್ಕೊಂಡಿರ್ಬೇಕಾದವರು. ಮೂರೂ ಕಡೆ ಜಗಳ ಆಡ್ಕೊಂಡೇ ಬರೆದ್ರು, ಗೊತ್ತಾ?” ನರ್ಸ್ ‘ಮೆಲ್ಲಗೆ’ ಎಂದು ಸನ್ನೆ ಮಾಡಿದರೆ ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ, ತಲೆಬಾಗಿ, ಅದೇ ದೊಡ್ಡ ದನಿಯಲ್ಲಿ ಮುಂದುವರಿಸುತ್ತಿದ್ದರು.

ನನಗೆ ಎರಡನೇ ಸಲವೂ ಗರ್ಭ ನಿಲ್ಲದೆ ಹೋದಾಗ ಅವರೇ ಬಂದರು. ಮತ್ತೆ ಪ್ರಯತ್ನಿಸುತ್ತೀರಾ ಎಂದು ಡಾಕ್ಟರು ಕೇಳಿದರು. “ಹ್ಞೂಂ, ಆದಷ್ಟು ಬೇಗ,” ಎಂದರು ನನ್ನ ಗಂಡ. ಮೇಡಂ ಅದನ್ನು ಹೇಳಿ ನನ್ನತ್ತ ತಿರುಗಿದರು. “ನೀನು ಹೇಳಮ್ಮ.”

“ನನಗೆ ಸಾಕಾಗಿದೆ. ಬೇಡ.”

“ಮೇಡಂ, ಪ್ಲೀಸ್, ಅದನ್ನ ಹೇಳ್ಬೇಡಿ,” ಎಂದರು ನನ್ನ ಗಂಡ. “ಅವಳು ಅಪ್‌ಸೆಟ್ ಆಗಿದಾಳೆ.”

ಮೇಡಂ ನನ್ನ ಮಾತನ್ನೂ ಹೇಳಿದರು, ‘ಹೇಳ್ಬೇಡಿ’ ಎಂದ ನನ್ನ ಗಂಡನ ಮಾತನ್ನೂ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು, ನನ್ನ ಗಂಡನಿಗೆ ಹೊರಗೆ ಕೂರಲು ಹೇಳಿದರು. ಅಬ್ಬಾ, ಬಾಗಿಲು ಮುಚ್ಚಿದ ಮೇಲೆ ನಾನು ಅತ್ತ ಅಳು! ಆಮೇಲೆ ಆ ವಿಷಯದಲ್ಲಿ ನನ್ನ ಬದಲು ಯಾರೂ ಉತ್ತರ ಕೊಡಲಿಲ್ಲ.

ಆದರೆ ಸುದ್ದಿ ಹಬ್ಬಿತು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ‘ಯಾರದೋ ಸಂಸಾರದಲ್ಲಿ ಹುಳಿ ಹಿಂಡಿದ್ದಾರೆ, ಮನೆಮುರುಕಿ, ಅವರನ್ನ ಕರೀಬೇಡಿ’ ಎಂದು ಒಬ್ಬರು ಹಾಕಿದರು. ಕರೆಯುವುದು ನಿಂತೇಹೋಯಿತು.

ಅಷ್ಟರಲ್ಲಿ ಅವರಿಗೆ ಮೆಕ್ಸಿಕೋ ಗಡಿಯ ಊರೊಂದರಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಸ್ಟೇಷನ್ನಿಗೆ ಹೋದವಳು ನಾನೊಬ್ಬಳೇ. ಸಿಟ್ಟು ತಡೆಯಲಾರದೆ ಫೋನ್ ತೋರಿಸಿದೆ. ಓದಿ ಹೊಟ್ಟೆತುಂಬ ನಕ್ಕರು.

“ಸ್ಪೇನಿನವರು ಮೆಕ್ಸಿಕೋಗೆ ನುಗ್ಗಿದಾಗ ಅಲ್ಲಿಯದೇ ಒಂದು ಹುಡುಗಿ ಅವರಿಗೆ ದುಭಾಷಿ ಆಗಿದ್ದಳು. ಅವಳನ್ನ ಮೊದಲು ಗುಲಾಮಳಾಗಿ ಮಾರಿದವರ ಹೆಸರು ಯಾರೂ ಎತ್ತಲಿಲ್ಲ, ದ್ರೋಹಿ ಅನ್ನಿಸ್ಕೊಂಡಿದ್ದು ಅವಳೇ. ಅವಳ ಪರ ಬಾಯಿ ಬಿಡೋಕೆ ನಮ್ಮ ಚಿಕಾನಾ ಹೆಂಗಸರು ಬರೋವರೆಗೂ ನಾನೂರೈವತ್ತು ವರ್ಷ ಆಯ್ತು ಕಣಮ್ಮ. ನೀನು ಸ್ವಲ್ಪ ಬೇಗ ಶುರು ಮಾಡು.”

ರೈಲು ಬಂತು, ಹೋದರು. ನಾನು ಪ್ಲಾಟ್‌ಫಾರ್ಮಿನಲ್ಲೇ ಕೂತು ಗುಂಪಿಗೆ ಬರೆದೆ: ‘ಆ ಹೆಂಡತಿ ನಾನೇ. ಅವತ್ತು ಏನಾಯ್ತು ಅಂತ ನಾನು ಹೇಳ್ತೀನಿ, ಕೇಳಿ.’