ಕುರ್ಕಾಲಿನ ಉದ್ದ ಹಾರ್ನ್

ಉಚ್ಚಿಲದ ಇದಿನಬ್ಬ ಲೂನಾ ಮೊಪೆಡ್ಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಅಲೆವೂರಿನಲ್ಲಿ ಮೀನು ಮಾರುತ್ತಿದ್ದ. ಅವನ ರಬ್ಬರ್ ಹಾರ್ನ್ "ಪೊಂ ಪೊಂ" ಎಂದರೆ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು, ಬೆಕ್ಕುಗಳು ಅದಕ್ಕೂ ಮೊದಲೇ. ಹತ್ತಿರದ ಕುರ್ಕಾಲು, ಮೀನು ಮಾರುವ ಇನ್ನೊಬ್ಬ ಅಬ್ಬೋನುವಿನ ಪಾಲಿನ ಊರು. ಅವನದು ಒಂದೇ ಒಂದು ಉದ್ದದ "ಪೋಂ". ಒಬ್ಬನ ಊರಿನಲ್ಲಿ ಇನ್ನೊಬ್ಬ ಹಾರ್ನ್ ಒತ್ತಬಾರದೆಂದು ಯಾರೂ ಹೇಳಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ.

೧೯೯೯ರಲ್ಲಿ, ಬಲೆಗೆ ಬಂಗುಡೆ ಮೀನು ರಾಶಿ ಬಿದ್ದ ಒಂದು ಬೆಳಿಗ್ಗೆ, ಅಲೆವೂರಿನಲ್ಲಿ ಆ ಉದ್ದದ "ಪೋಂ" ಕೇಳಿತು. ಇದಿನಬ್ಬನಿಗೆ ಮೈಯೆಲ್ಲ ಉರಿಯಿತು. ಮರುದಿನ ಅವನು ಕುರ್ಕಾಲಿನಲ್ಲಿ ಹಾರ್ನ್ ಒತ್ತಿದ. ಅದರ ಮರುದಿನ ಅಬ್ಬೋನು ಮತ್ತೆ ಅಲೆವೂರಿಗೆ ಬಂದ. ಹೀಗೇ ನಡೆದು, ಇಬ್ಬರ ಪೆಟ್ಟಿಗೆಯಲ್ಲೂ ಮೀನು ಉಳಿಯತೊಡಗಿತು.

"ಅವನು ಒಮ್ಮೆ ಬಂದ, ನೀವು ಒಮ್ಮೆ ಹೋದಿರಿ. ಅಲ್ಲಿಗೆ ಸರಿಯಾಯಿತಲ್ಲ!" ಎಂದಳು ಹೆಂಡತಿ ರುಕಿಯಮ್ಮ. "ಇನ್ನು ಎಂತ, ಬೆಕ್ಕುಗಳಿಗೆ ಔತಣವಾ?"

ಮರುದಿನ ಇದಿನಬ್ಬ ಕುರ್ಕಾಲಿನ ತಿರುವಿನವರೆಗೂ ಹೋದ. ಹಾರ್ನಿನ ಮೇಲಿಟ್ಟ ಕೈಯನ್ನು ತೆಗೆದು, ಬೈಯುತ್ತಲೇ ಲೂನಾ ತಿರುಗಿಸಿದ. ಎದುರಿನ ಚಾ ಅಂಗಡಿಯಲ್ಲಿದ್ದ ಅಬ್ಬೋನು ಅದನ್ನು ನೋಡಿದ. ಆಮೇಲೆ ಅವನ ಹಾರ್ನ್ ಅಲೆವೂರಿನಲ್ಲಿ ಕೇಳಲೇ ಇಲ್ಲ.

ಮುಂದಿನ ವರ್ಷ ಅಬ್ಬೋನು ಕಾಮಾಲೆಯಿಂದ ಮಲಗಿದ. ಆದರೂ ಕುರ್ಕಾಲಿನಲ್ಲಿ ಉದ್ದದ "ಪೋಂ" ಕೇಳಿತು. ಪಾತ್ರೆ ಹಿಡಿದು ಹೊರಗೆ ಬಂದ ಆ ಊರಿನ ವಾರಿಜಕ್ಕ ಇದಿನಬ್ಬನನ್ನು ಕಂಡು ಬೆರಗಾದರು.

"ಇದೆಂತ ಮಾರಾಯ, ಅಬ್ಬೋನುವಿನ ಹಾರ್ನ್ ನಿನ್ನ ಲೂನಾದಲ್ಲಿ?"

"ಮೀನು ಸಹ ಅವನದ್ದೇ, ದುಡ್ಡು ಸಹ ಅವನ ಮನೆಗೇ ಅಕ್ಕ," ಎಂದು ಇದಿನಬ್ಬ ಪೆಟ್ಟಿಗೆ ತೆರೆದ. "ಅವನು ಎದ್ದು ಬರುವವರೆಗೆ ನನ್ನದು ಲೂನಾ ಮಾತ್ರ."