ಗಂಟಲಿಗೆ ಇಳಿದ ಕಹಿ

ಮುಂಡಾಜೆಯಲ್ಲಿ ಚಾರ್ಮಾಡಿ ರಸ್ತೆಯ ಪಕ್ಕ ಹೋಟೆಲು ನಡೆಸುವ ಅಣ್ಣು ಶೆಟ್ಟರು ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ಹಾಲು ತಂದವನನ್ನು ಎದುರೇ ನಿಲ್ಲಿಸಿಕೊಂಡು ಹಾಲನ್ನು ಬೆರಳಿಗೆ ಹಚ್ಚಿ ನೋಡುವರು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ ಒಳಗೆ ಬಿಡರು. ಇಷ್ಟು ವರ್ಷ ಹೋಟೆಲು ಉಳಿದದ್ದೇ ಈ ಗುಣದಿಂದ ಎಂಬುದು ಅವರ ನಂಬಿಕೆ.

ಮಗ ಶಿಶಿರನನ್ನು ಮದುವೆಯಾಗಿ ದೀಕ್ಷಿತಾ ಮನೆಗೆ ಬಂದ ವರ್ಷವೇ ಮೂಡುಬಿದಿರೆಯ ಕಣ್ಣಿನ ಡಾಕ್ಟರು ಶೆಟ್ಟರಿಗೆ ಗ್ಲುಕೋಮಾ ಇದೆ ಎಂದರು. ಕಣ್ಣೊಳಗಿನ ಒತ್ತಡ ಇಳಿಸಲು ಬೆಳಿಗ್ಗೆ, ಸಂಜೆ ಹನಿ ಹಾಕಿಕೊಳ್ಳಬೇಕಿತ್ತು. "ಬೇರೆ ಏನಾದರೂ ಮದ್ದು ತೆಗೊಳ್ತೀರಾ?" ಎಂದು ಡಾಕ್ಟರು ಕೇಳಿದಾಗ ಶೆಟ್ಟರು "ಇಲ್ಲ" ಎಂದುಬಿಟ್ಟರು. ಬಿ.ಪಿ. ಮಾತ್ರೆಯನ್ನು ಎಷ್ಟೋ ಕಾಲದಿಂದ ನುಂಗುತ್ತಿದ್ದರು. ಆದರೆ ಹೇಳಿದಷ್ಟೂ ಹೊಸ ಹೊಸ ಪರೀಕ್ಷೆ ಬರೆಯುತ್ತಾರೆಂಬ ಗುಮಾನಿ.

ಸ್ವಲ್ಪ ದಿನಗಳಲ್ಲೇ ಮೈ ಸೋಲತೊಡಗಿತು. ದೋಸೆಕಾವಲಿಯ ಮುಂದೆ ನಿಂತರೆ ತಲೆ ತಿರುಗುವುದು, ಕೈ ತಣ್ಣಗಾಗುವುದು. ಬೆಳಗಿನ ಕಷಾಯ ಕುಡಿಯುವಾಗ ಗಂಟಲಲ್ಲಿ ವಿಚಿತ್ರ ಕಹಿ. ಕಷಾಯ ಮಾಡುತ್ತಿದ್ದವಳು ದೀಕ್ಷಿತಾ. ಮೇಲಿಂದ ಅವಳು, "ಮಾವ, ಇನ್ನು ಹೋಟೆಲು ನಾವು ನೋಡಿಕೊಳ್ತೇವೆ, ನೀವು ಆರಾಮ ಕೂತುಕೊಳ್ಳಿ" ಎಂದಳು.

ಶೆಟ್ಟರ ಮನಸ್ಸಿನಲ್ಲಿ ಕಷಾಯದ ಕಹಿ, ಸೊಸೆಯ ಮಾತು ಎರಡೂ ಒಂದಕ್ಕೊಂದು ಗಂಟುಬಿದ್ದವು. ಓಹೋ, ವಿಷಯ ಇದೋ!

ಅಂದಿನಿಂದ ಕಷಾಯವನ್ನು ಕಿಟಕಿಯಿಂದ ದಾಸವಾಳದ ಬುಡಕ್ಕೆ ಸುರಿದರು. ಮನೆಯ ಊಟ ಬಿಟ್ಟು ಹೋಟೆಲಿನಲ್ಲೇ ತಿಂದರು. ಬಾವಿಯ ನೀರನ್ನು ತಾವೇ ಸೇದಿಕೊಂಡರು. ಆದರೂ ಕಹಿ ಹೋಗಲಿಲ್ಲ, ತಲೆ ತಿರುಗುವುದೂ ನಿಲ್ಲಲಿಲ್ಲ. ಹಾಗಾದರೆ ಇವಳು ವಿಷವನ್ನು ಎಲ್ಲಿ ಬೆರೆಸುತ್ತಾಳೆ? ಸೊಸೆ ಅಡುಗೆಮನೆಯಲ್ಲಿ ಡಬ್ಬಿ ತೆರೆದ ಸದ್ದಾದರೂ ಎದ್ದುಹೋಗಿ ಇಣುಕತೊಡಗಿದರು.

ಒಂದು ಬೆಳಿಗ್ಗೆ ಹೋಟೆಲಿನ ಮೆಟ್ಟಿಲಲ್ಲೇ ಕಣ್ಣು ಕತ್ತಲೆಗಟ್ಟಿ ಕುಸಿದರು. ಶಿಶಿರ ಸಾಮಾನಿಗೆ ಹೋಗಿದ್ದ. ದೀಕ್ಷಿತಾ ರಿಕ್ಷಾ ಕರೆಸಿ ಬೆಳ್ತಂಗಡಿಗೆ ಕರೆದೊಯ್ದಳು. ಅಲ್ಲಿ ಶೆಟ್ಟರ ಬಿ.ಪಿ. ನೋಡುತ್ತಿದ್ದ ಡಾಕ್ಟರು ಬಹಳ ಹೊತ್ತು ನಾಡಿ ಹಿಡಿದರು, ಇ.ಸಿ.ಜಿ. ಮಾಡಿಸಿದರು.

"ಎದೆಬಡಿತ ತುಂಬಾ ನಿಧಾನ ಉಂಟು ಶೆಟ್ರೇ. ಹೊಸ ಮದ್ದು ಏನಾದರೂ?"

"ಮದ್ದು ಕೊಡುವವರು ಮನೆಯಲ್ಲೇ ಇದ್ದಾರೆ," ಎಂದು ಶೆಟ್ಟರು ಸೊಸೆಯತ್ತ ನೋಡಿದರು.

ದೀಕ್ಷಿತಾಳ ಮುಖ ಬಿಳಿಚಿತು. ಹೊರಡುವಾಗ ಚೀಲಕ್ಕೆ ಹಾಕಿಕೊಂಡಿದ್ದ ಕಣ್ಣಿನ ಹನಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

ಡಾಕ್ಟರು ಹೆಸರು ಓದಿದರು. "ನಿಮ್ಮ ಬಿ.ಪಿ. ಮಾತ್ರೆಯೂ ಇದೂ ಒಂದೇ ಜಾತಿ, ಬೀಟಾ ಬ್ಲಾಕರ್. ಎರಡೂ ಸೇರಿ ಎದೆಬಡಿತ ಇಳಿಸಿವೆ."

"ಕಣ್ಣಿಗೆ ಬಿಟ್ಟದ್ದು ಎದೆಗೆ ಹೇಗೆ ಹೋಗ್ತದೆ? ಯಾರಿಗೆ ಹೇಳ್ತೀರಿ?"

"ಹನಿ ಹಾಕಿದ ಮೇಲೆ ಗಂಟಲು ಕಹಿಯಾಗ್ತದಾ?"

ಶೆಟ್ಟರು ಬೆಚ್ಚಿದರು. ಆ ಕಹಿಯ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ.

"ಹನಿ ಕಣ್ಣಿಂದ ಮೂಗಿಗೆ, ಗಂಟಲಿಗೆ ಇಳೀತದೆ. ಅಲ್ಲಿಂದ ರಕ್ತಕ್ಕೆ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಇಳಿಯುವುದು ಕಡಿಮೆ."

"ಹಾಗಾದರೆ ಎರಡನ್ನೂ ಇವತ್ತೇ ಬಿಡ್ತೇನೆ."

"ಹಾಗೆ ಮಾಡಬೇಡಿ ಮಾರಾಯ್ರೇ! ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಎದೆಗೆ ಅಪಾಯ. ಹನಿ ಬಿಟ್ಟು ಕೂತರೆ ಕಣ್ಣು ಹೋಗ್ತದೆ." ಅಲ್ಲಿಂದಲೇ ಮೂಡುಬಿದಿರೆಗೆ ಫೋನು ಮಾಡಿ ಮಾತಾಡಿದರು. ಹನಿಯನ್ನು ಬೇರೆ ಜಾತಿಯದಕ್ಕೆ ಬದಲಿಸುವುದೆಂದಾಯಿತು.

ಹೊರಗೆ ರಿಕ್ಷಾಕ್ಕೆ ಕಾಯುವಾಗ ದೀಕ್ಷಿತಾ ರಸ್ತೆ ನೋಡುತ್ತಲೇ ಹೇಳಿದಳು, "ನೀವು ಕಷಾಯ ಚೆಲ್ಲುವುದು ನನಗೆ ಗೊತ್ತಿತ್ತು ಮಾವ. ರುಚಿ ಸರಿಯಿಲ್ಲವೇನೋ ಎಂದು ದಿನಾ ಜೀರಿಗೆ ಹೆಚ್ಚುಕಮ್ಮಿ ಮಾಡಿ ನೋಡ್ತಿದ್ದೆ."

ಶೆಟ್ಟರಿಗೆ ನೆಲ ಬಾಯಿಬಿಡಬಾರದೇ ಅನಿಸಿತು. "ತಪ್ಪಾಯಿತು ಮಗಾ" ಎಂದರು. ಅವಳು ಬರುತ್ತಿದ್ದ ರಿಕ್ಷಾಕ್ಕೆ ಕೈ ತೋರಿಸಿದಳು. ಅದೊಂದೇ ಮಾತಿನಿಂದ ಎಲ್ಲ ಸರಿಹೋಗುವಂತಿರಲಿಲ್ಲ.

ಹೊಸ ಹನಿ ಶುರುವಾದ ಮೇಲೆ ತಲೆ ತಿರುಗುವುದು ನಿಂತಿತು. ಮುಂದಿನ ತಿಂಗಳು ದೀಕ್ಷಿತಾಳೇ ಅವರನ್ನು ಮೂಡುಬಿದಿರೆಗೆ ಕರೆದೊಯ್ದಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಶೆಟ್ಟರು ಶುರುಮಾಡಿದರು: "ಬಿ.ಪಿ. ಮಾತ್ರೆ ಉಂಟು. ಸಣ್ಣವನಿರುವಾಗ ದಮ್ಮೂ ಇತ್ತು."

"ದಮ್ಮಾ?" ಡಾಕ್ಟರು ಗಾಬರಿಯಾದರು. "ದಮ್ಮು, ಉಬ್ಬಸ ಇದ್ದವರಿಗೆ ಆ ಹಳೆಯ ಹನಿ ಕೊಡಲೇಬಾರದಿತ್ತು. ಇದನ್ನು ಮೊದಲೇ ಹೇಳಬೇಕಿತ್ತಲ್ಲ!"

"ನಮಗೂ ಹೇಳಿರಲಿಲ್ಲ," ಎಂದಳು ದೀಕ್ಷಿತಾ. ಅವಳ ದನಿಯಲ್ಲಿ ಸಿಟ್ಟಿತ್ತು. ಆದರೂ ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡು ಕೂತಳು. "ಇನ್ನೇನೇನು ಉಂಟು, ಎಲ್ಲ ಹೇಳಿ."